ಹುಡೇದ ಗುಡ್ಡಕ್ಕೆ ಕೆಂಪು ಬಾಣ

ಕಲ್ಮೇಶನ ಹತ್ತಿರ ಹಳದಿ ಬಣ್ಣ ಇರಲಿಲ್ಲ.

ನಾಲತವಾಡದ ಅಂಗಡಿಯವನು, "ಹಳದಿ ಎಲ್ಲಾ ಸಾಲಿ ಗ್ವಾಡಿಗೆ ಹೋತು. ಕೆಂಪು ಐತಿ, ಒಯ್ತಿಯೇನು?" ಎಂದು ತುಕ್ಕು ಹಿಡಿದ ಡಬ್ಬಿಯನ್ನು ಮುಂದೆ ತಳ್ಳಿದ್ದ. ವಿಜಯಪುರದ ಪ್ರವಾಸೋದ್ಯಮ ಇಲಾಖೆಯ ವಿಜಯಲಕ್ಷ್ಮಿ ಮೇಡಂ ಹೇಳಿದ್ದು ಹಳದಿ ಬಾಣ. ಬಾಣ ಮುಖ್ಯವೋ ಬಣ್ಣ ಮುಖ್ಯವೋ ಎಂದು ಕಲ್ಮೇಶ ಯೋಚಿಸಿದ. ಬಿ.ಎ. ಮುಗಿಸಿದ ಅವನ ತಲೆ ಬಾಣವೇ ಮುಖ್ಯ ಎಂದು ತೀರ್ಪು ಕೊಟ್ಟಿತು. ಇದೇ ತಲೆ ಹಿಂದೊಮ್ಮೆ ಕೋಳಿ ಫಾರಂ ಮಾಡು ಎಂದಿತ್ತು, ಕೋಳಿ ಸತ್ತವು. ಇನ್ನೊಮ್ಮೆ ಪೊಲೀಸ್ ಪರೀಕ್ಷೆಗೆ ಕೂಡು ಎಂದಿತ್ತು, ಎದೆಯ ಸುತ್ತಳತೆ ಸಾಲಲಿಲ್ಲ. ಆದರೂ ಅದರ ಮಾತು ಕೇಳುವುದನ್ನು ಅವನು ಬಿಟ್ಟಿರಲಿಲ್ಲ. ಬೇರೆ ತಲೆ ಇರಲಿಲ್ಲ.

ಬಾಣಗಳನ್ನು ಬರೆಯಬೇಕಾಗಿದ್ದದ್ದು ಹುಣಸಿದಿನ್ನಿಯ ನದಿದಂಡೆಯಿಂದ ಹುಡೇದ ಗುಡ್ಡದ ನೆತ್ತಿಯವರೆಗೆ. ಪಟ್ಟಣದ ಜನ ರಜೆಯ ದಿನ ಬಂದು, ಕೃಷ್ಣೆಯ ಹಿನ್ನೀರಿನ ಅಂಚಿನಲ್ಲಿ ನಡೆದು, ಜಾಲಿ ಕಾಡು ದಾಟಿ, ಸೀತಾಫಲದ ಪೊದೆಗಳ ನಡುವೆ ಗುಡ್ಡ ಹತ್ತಿ, ಮೇಲಿರುವ ಪಾಳು ಹುಡೆಯ, ಅಂದರೆ ಹಳೆಯ ಕಾವಲು ಬುರುಜಿನ ಮುಂದೆ ಫೋಟೋ ತೆಗೆಸಿಕೊಂಡು ಇಳಿದು ಹೋಗುವ ದಾರಿ ಅದು. ಅದಕ್ಕೆ ಚಾರಣ ಪಥ ಎಂದು ಹೆಸರಿಟ್ಟಿದ್ದರು. ವಿಜಯಲಕ್ಷ್ಮಿ ಮೇಡಂ ಸೋಮವಾರ ಮಧ್ಯಾಹ್ನ ಮೊದಲ ತಂಡವನ್ನು ಕರೆದುಕೊಂಡು ಬರುವವರಿದ್ದರು. ಎಲ್ಲ ಸರಿಯಾಗಿ ನಡೆದರೆ ಕಲ್ಮೇಶನನ್ನು ಆ ದಾರಿಯ ಕಾವಲಿಗೂ ಮಾರ್ಗದರ್ಶನಕ್ಕೂ ನೇಮಿಸಿದ ಆದೇಶ ಅವರ ಕೈಯಲ್ಲೇ ಬರುತ್ತಿತ್ತು.

ಆ ಆದೇಶಕ್ಕೆ ಕಾಯುತ್ತಿದ್ದವನು ಕಲ್ಮೇಶ ಒಬ್ಬನೇ ಅಲ್ಲ. ತಾಂಬಾದಲ್ಲಿ ಜಯಮಾಲಾ ಎಂಬ ಹುಡುಗಿಯ ಅಪ್ಪನೂ ಕಾಯುತ್ತಿದ್ದ. "ಹುಡುಗ ಛಲೋ ಅದಾನ," ಎಂದು ಅವನು ಮಧ್ಯಸ್ಥರ ಮುಂದೆ ಒಪ್ಪಿಕೊಂಡಿದ್ದ. "ಆದ್ರ ಛಲೋ ಇರೂದು ನೌಕರಿ ಅಲ್ಲಲ. ಆರ್ಡರ್ ಕೈಗೆ ಬರಲಿ, ಆಮ್ಯಾಲ ಮಾತಾಡೂಣು."

ಹಾಗಾಗಿ ಭಾನುವಾರ, ಊರಿಗೆ ಊರೇ ಸಂತೆಗೆ ಹೋದಾಗ, ಕಲ್ಮೇಶ ಸೂರ್ಯ ಹುಟ್ಟುವ ಮೊದಲೇ ಗುಡ್ಡಕ್ಕೆ ಹೋಗಿದ್ದ. ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಬಾಣ ಬರೆದ. ಕಲ್ಲು ಸೊಟ್ಟಗಿದ್ದಲ್ಲಿ ಬಾಣವೂ ಸೊಟ್ಟಗಾಯಿತು. ಕತ್ತಲಾದ ಮೇಲೆ ಬಂದು, ಕೀಲಿ ತೆಗೆದು, ಉಣ್ಣದೆ ಬಿದ್ದುಕೊಂಡ. ಅವ್ವ ರುಕ್ಮವ್ವ ಸಿಂದಗಿಯ ತಂಗಿಯ ಮನೆಗೆ ಹೋಗಿದ್ದಳು. ಅಡುಗೆ ಮಾಡುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಎದ್ದದ್ದು ಬಾಗಿಲು ಬಡಿಯುವ ಸದ್ದಿಗೆ.

"ಏ ಕಲ್ಮ್ಯಾ! ಹೊರಗ ಬಾ!"

ಕರೆದವನು ಚನ್ನಬಸಯ್ಯ. ಎರಡು ಸಲ ಪಂಚಾಯತಿ ಮೆಂಬರ್ ಆಗಿದ್ದವನು, ಒಂದು ಸಲ ಮುಳುಗಿದವನು. ಮುಳುಗಿದ್ದೇ ಅವನ ದೊಡ್ಡ ಅರ್ಹತೆ. ವರ್ಷಗಳ ಹಿಂದೆ ಹಳೆಯ ಹುಣಸಿದಿನ್ನಿ ಹಿನ್ನೀರಿಗೆ ಹೋದಾಗ ಕಚೇರಿ ಅಲೆದು, ಸಾಹೇಬರ ಮುಂದೆ ನಿಂತು, ಯಾವ ಮುದ್ರೆ ಎಲ್ಲಿ ಬೀಳಬೇಕು ಎಂದು ಕಲಿತವನು ಅವನೊಬ್ಬನೇ. ಅವನ ಹಿಂದೆ ಊರಿನ ಅರ್ಧ ಜನ ನಿಂತಿದ್ದರು. ಯಾರ ಮುಖದಲ್ಲೂ ನಗು ಇರಲಿಲ್ಲ.

"ಖರೇ ಹೇಳು. ನೀರು ಎಲ್ಲೀ ತನಕಾ ಬರ್ತೈತಿ?"

"ಯಾವ ನೀರ್ರಿ ಅಯ್ಯಾರ?"

"ಯಾವ ನೀರಂತ! ಇವನ ಕೈ ನೋಡ್ರಪಾ."

ಎಲ್ಲರೂ ನೋಡಿದರು. ಕಲ್ಮೇಶನೂ ನೋಡಿಕೊಂಡ. ಎರಡೂ ಕೈ ಮೊಣಕೈವರೆಗೆ ಕೆಂಪಾಗಿ, ರಾತ್ರಿಯೆಲ್ಲ ಕುರಿ ಕೊಯ್ದವನ ಕೈಯಂತಿದ್ದವು.

ಹುಣಸಿದಿನ್ನಿಯಲ್ಲಿ ಕೆಂಪು ಬಣ್ಣಕ್ಕೆ ಇರುವುದು ಒಂದೇ ಅರ್ಥ. ಹಿಂದಿನ ಮುಳುಗಡೆಯಲ್ಲಿ ಊರಿಗೆ ಮೊದಲು ಬಂದದ್ದು ನೀರಲ್ಲ, ಕೆಂಪು ಬಣ್ಣ. ಟೊಪ್ಪಿಗೆ ಹಾಕಿದ ಸರ್ವೆಯವರು ಬಂದು ಗೋಡೆಗೆ ಗುರುತು ಹಾಕಿದರು. ಆಮೇಲೆ ಕಾಗದ ಬಂತು. ಆಮೇಲೆ ಒಂದು ದಿನ ಅಂಗಳಕ್ಕೆ ಕಪ್ಪೆ ಬಂತು, ಹಿಂದೆಯೇ ನೀರು ಬಂತು. ಗುರುತು ಬಿದ್ದವರಿಗೆ ಜಾಗ ಸಿಕ್ಕಿತು, ಪರಿಹಾರ ಸಿಕ್ಕಿತು. ಗೆರೆಯಿಂದ ಒಂದು ಮಾರು ಮೇಲೆ ಉಳಿದವರಿಗೆ ಹೊಲ ಹೋಯಿತು, ದಾರಿ ಹೋಯಿತು, ಮನೆ ಮಾತ್ರ ಹಾವು ಚೇಳಿನ ಸಮೇತ ಉಳಿಯಿತು. ಅಂದಿನಿಂದ ಆ ಊರಿನಲ್ಲಿ ಮುಳುಗುವ ಭಯಕ್ಕಿಂತ ಮುಳುಗದೆ ಉಳಿಯುವ ಭಯವೇ ದೊಡ್ಡದು. ಈಗ ಮತ್ತೆ ನೀರಿನ ಮಟ್ಟ ಏರಿಸುತ್ತಾರೆ, ಇಲ್ಲ ಏರಿಸುವುದಿಲ್ಲ ಎಂಬ ಸುದ್ದಿ ಹಲವು ವರ್ಷಗಳಿಂದ ಕೆಮ್ಮಿನ ಹಾಗೆ ಬಂದು ಹೋಗುತ್ತಿತ್ತು.

"ಅದು ನೀರಿಂದಲ್ರೀ," ಎಂದ ಕಲ್ಮೇಶ. "ನಡಿಯೋರ ದಾರಿದು. ವಿಜಾಪುರದಿಂದ ಮಂದಿ ಬರ್ತಾರ, ಗುಡ್ಡ ಹತ್ತತಾರ."

"ಯಾಕ?"

"ಸುಮ್ನರಿ. ಹತ್ತತಾರ, ಇಳಿತಾರ, ಹೋಗ್ತಾರ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸ್ ನಿಲ್ದಾಣದ ಮುಂದೆ ಚಹದಂಗಡಿ ಇಟ್ಟಿರುವ ಗುಡುಸಾಬ ಸಮಾಧಾನದಿಂದ ವಿಚಾರಣೆ ಶುರು ಮಾಡಿದ.

"ಮ್ಯಾಲ ದರ್ಗಾ ಐತೇನು?"

"ಇಲ್ಲ ಕಾಕಾ."

"ಗುಡಿ?"

"ಇಲ್ಲ."

"ಅವರ ಆಡು ತಪ್ಪಿಸಿಕೊಂಡಾವೇನು?"

"ಇಲ್ಲ ಕಾಕಾ, ಅವರ ಹಂತ್ಯಾಕ ಆಡು ಇರಂಗಿಲ್ಲ."

"ಮತ್ಯಾಕ ಹತ್ತತಾರ? ನಮ್ಮ ಆಡು ಸೈತ ಕೆಳಗ ಮೇವಿಲ್ಲಂತ ಹತ್ತತಾವು. ಸುಳ್ಳು ಹೇಳಾಕ ಒಂದು ಪದ್ಧತಿ ಇರ್ತೈತಿ ತಮ್ಮಾ."

ಊರಿನ ಮುಂದೆ ಎರಡು ಸಂಗತಿಗಳಿದ್ದವು. ಒಂದು, ಸರಕಾರ ತಮ್ಮನ್ನು ಮುಳುಗಿಸುತ್ತದೆ ಎಂಬುದು. ಅದನ್ನು ಅವರು ಒಮ್ಮೆ ಕಣ್ಣಾರೆ ಕಂಡಿದ್ದರು. ಇನ್ನೊಂದು, ಶಾಣ್ಯಾ ಜನ ಗಾಡಿ ಖರ್ಚು ಮಾಡಿಕೊಂಡು ಬಂದು, ಮುಳ್ಳು ಚುಚ್ಚಿಸಿಕೊಂಡು ಗುಡ್ಡ ಹತ್ತಿ, ಏನನ್ನೂ ತರದೆ ಇಳಿಯುತ್ತಾರೆ ಎಂಬುದು. ಯಾವುದನ್ನು ನಂಬಬೇಕು ಎಂದು ಯಾರಿಗೂ ಹೆಚ್ಚು ಯೋಚಿಸಬೇಕಾಗಲಿಲ್ಲ.

"ಅದಿರಲಿ," ಎಂದ ಚನ್ನಬಸಯ್ಯ. "ಇದೇನು?"

ಅವನು ಬೆರಳು ಮಾಡಿದ್ದು ಕಲ್ಮೇಶನದೇ ಗೋಡೆಗೆ. ಬಾಗಿಲ ಪಕ್ಕದಲ್ಲಿ ಗೇಣುದ್ದದ ಕೆಂಪು ಬಾಣ ಇತ್ತು.

"ಮೊದಲ ನಿನ್ನ ಮನಿ ಹಾಕ್ಕೊಂಡಿ. ಆಮ್ಯಾಲ ನಿಮ್ಮ ಕೆಳಗಿನ ಓಣಿಯವರಿಗೆಲ್ಲಾ ಹಾಕಿ. ಮ್ಯಾಲಿನ ಓಣಿಯವರು ನಾವೇನು ನಿನ್ನ ಕೋಳಿ ಕದ್ದಿದ್ವೇನಲೇ?"

ಕಲ್ಮೇಶ ಓಣಿಯುದ್ದಕ್ಕೂ ಕಣ್ಣು ಹಾಯಿಸಿದ. ನಿಜ, ಕೆಳಗಿನ ಓಣಿಯ ಒಂದೊಂದು ಮನೆಯ ಗೋಡೆಗೂ ಕೆಂಪು ಬಾಣ. "ನಾ ಕಲ್ಲಿಗೆ ಅಷ್ಟ ಬರದೀನ್ರಿ! ಗ್ವಾಡಿ ಮುಟ್ಟಿಲ್ಲ! ಇವು ನೀವ ಹಾಕ್ಕೊಂಡೀರಿ!"

"ನಾವ?" ಎಂದು ಕೆಳಗಿನ ಓಣಿಯವರು ಒಟ್ಟಿಗೆ ಕೂಗಿದರು. "ನಾವು ಸಂತ್ಯಾಗ ಇದ್ವಿ!"

"ನಾ ಗುಡ್ಡದಾಗ ಇದ್ನಿ!"

"ಹಂಗಾರ ಬಾಣ ಗ್ವಾಡ್ಯಾಗ ಹುಟ್ಟ್ಯಾವೇನು?"

ದಾರಿಯ ಕಲ್ಲುಗಳನ್ನು ಇವರು ಏನು ಮಾಡಿದ್ದಾರೋ ಎಂಬ ಚಿಂತೆ ಕಲ್ಮೇಶನಿಗೆ ಹತ್ತಿತು. ಬೈಕು ಹತ್ತಿ ನದಿದಂಡೆಗೆ ಓಡಿಸಿದ.

ನೀರು ಬೂದಿ ಬಣ್ಣದಲ್ಲಿ ಕಣ್ಣು ಹಾಯುವವರೆಗೂ ಹಬ್ಬಿತ್ತು. ಅದರೊಳಗೆ ಸತ್ತ ಜಾಲಿ ಮರಗಳು ಕಪ್ಪಾಗಿ ನಿಂತಿದ್ದವು. ಬೇಸಿಗೆಯಾದ್ದರಿಂದ ಹಳೆಯ ಊರಿನ ಒಂದೆರಡು ಗೋಡೆಗಳು ತಲೆ ಎತ್ತಿದ್ದವು. ಅವುಗಳ ಮೇಲೆ ನೀರುಕಾಗೆಗಳು ಕುಳಿತಿದ್ದವು. ಮೇಡಂ ಮೊದಲ ಸಲ ಬಂದಾಗ ಇದನ್ನು ನೋಡಿ 'ಎಷ್ಟು ಚೆನ್ನಾಗಿದೆ' ಎಂದಿದ್ದರು. ಆ ಗೋಡೆಗಳಲ್ಲಿ ಒಂದು ಚನ್ನಬಸಯ್ಯನ ಅಡುಗೆಮನೆಯದು ಎಂದು ಕಲ್ಮೇಶ ಹೇಳಿರಲಿಲ್ಲ.

ಬಾಣಗಳೇನೋ ಇದ್ದವು. ಆದರೆ ದಾರಿ ಇರಲಿಲ್ಲ. ದಾರಿಯಿದ್ದಲ್ಲಿ ತೋಟ ಇತ್ತು. ಮಾವು, ಬೇವು, ಲಿಂಬೆ, ಕೈಗೆ ಸಿಕ್ಕ ಗಿಡದ ಟೊಂಗೆಗಳನ್ನೆಲ್ಲ ಮುರಿದು ತಂದು ಊರಿನ ಉಳಿದರ್ಧ ಜನ ಸಾಲಾಗಿ ನೆಲಕ್ಕೆ ಚುಚ್ಚಿದ್ದರು. ಬೇರಿಲ್ಲದ ಆ ತೋಟ ಬಿಸಿಲಿಗೆ ಆಗಲೇ ತಲೆ ಬಾಗಿಸಿತ್ತು. ಗಿಡ ಹೆಚ್ಚಿದ್ದಷ್ಟೂ ಪರಿಹಾರ ಹೆಚ್ಚು ಎಂಬುದು ಕಳೆದ ಸಲ ಕಲಿತ ಪಾಠ. ಕಳೆದ ಸಲ ಅದು ಗೊತ್ತಾಗುವಷ್ಟರಲ್ಲಿ ನೀರು ಬಂದಿತ್ತು.

ತೋಟ ಮುಗಿದಲ್ಲಿ, ದಾರಿಯ ನಟ್ಟನಡುವೆ, ಅಡ್ಡದಾರಿ ಹಿಡಿದು ಕಲ್ಮೇಶನಿಗಿಂತ ಮೊದಲೇ ಬಂದು ಮುಟ್ಟಿದ್ದ ಗುಡುಸಾಬ ನಾಲ್ಕು ಬಡಿಗೆ ನೆಟ್ಟು ತಗಡು ಹೊದಿಸುತ್ತಿದ್ದ.

"ಇದೇನು ಕಾಕಾ?"

"ಮನಿ."

"ದಾರ್ಯಾಗ?"

"ದಾರಿ ಈಗ ಬಂತು. ನಾ ಮೂವತ್ತ ವರ್ಷದಿಂದ ಇಲ್ಲೇ ಅದೇನಿ."

"ಕಾಕಾ, ಇನ್ನೂ ತಗಡಿಗೆ ಮೊಳಿ ಹೊಡದಿಲ್ಲ ನೀ!"

"ಬಡವನ ಮನಿ ಹಂಗ ಇರ್ತೈತಿ," ಎಂದ ಗುಡುಸಾಬ. "ಇಂಡಿ ಊರಾಗಿನ ನನ್ನ ಮೈದುನಗ ಬಸ್ಸಿನವನ ಕೂಡ ಹೇಳಿ ಕಳಿಸೇನಿ. ನಾಳೆ ಒಂದು ಗಾಡಿ ಖರೇ ಲಿಂಬಿ ಸಸಿ ಬರ್ತಾವು. ಅಲ್ಲೀ ತನಕಾ ನಿಮ್ಮ ಸಾಹೇಬರನ್ನ ತಡೀ."

ಕಲ್ಮೇಶ ಕೈ ಮುಗಿದ, ಬೈದ, ಕೊನೆಗೆ ತಗಡಿನ ಒಂದು ತುದಿ ಹಿಡಿದು ತಾನೇ ಪಕ್ಕಕ್ಕೆ ಸರಿಸಿದ. ಗುಡುಸಾಬ ಇನ್ನೊಂದು ತುದಿ ಹಿಡಿದು ಹಿಂದಕ್ಕೆ ಎಳೆದ. ಬಹಳ ಹೊತ್ತಿನ ಎಳೆದಾಟದ ನಂತರ ಮನೆ ಒಂದು ಆಳು ನಡೆಯುವಷ್ಟು ಜಾಗ ಬಿಟ್ಟು ನಿಂತಿತು. ಕಲ್ಮೇಶನ ಅಂಗೈ ಕೊಯ್ದು ರಕ್ತ ಬಂತು. ಬಣ್ಣದ ಕೈಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಊರಿಗೆ ಮರಳಿದಾಗ ಮೇಲಿನ ಓಣಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಚನ್ನಬಸಯ್ಯ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ನಾಲಿಗೆ ಕಚ್ಚಿಕೊಂಡು, ತನ್ನ ಗೋಡೆಯ ಮೇಲೆ ಕೆಂಪು ಬಾಣ ತಿದ್ದುತ್ತಿದ್ದ.

"ಅಯ್ಯಾರ!"

ಕುಂಚ ಕೆಳಗೆ ಬಿತ್ತು.

"ನೋಡಿದ್ರೇನು? ನೀವ ಹಾಕ್ಕೊಳ್ಳೂದು, ನನ್ನ ಹೆಸರು ಹೇಳೂದು! ಬೆಳಿಗ್ಗೆ ಕೆಳಗಿನ ಓಣಿಯವರದೂ ಇದ ಕತಿ!"

"ನಾ ಇದೊಂದ ಹಾಕೀನೋ," ಎಂದ ಚನ್ನಬಸಯ್ಯ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ. "ಲಿಂಗದಾಣಿ, ಇದೊಂದ."

ಒಂದಲ್ಲ. ಪಕ್ಕದ ನಾಲ್ಕೈದು ಮನೆಗಳ ಬಾಣಗಳು ಇನ್ನೂ ಹಸಿಯಾಗಿದ್ದವು. ತುದಿಯ ಮನೆಯ ಗುಂಡವ್ವ, ಆಡು ಸಾಕಿಕೊಂಡು ಒಬ್ಬಳೇ ಇರುವ ಮುದುಕಿ, ಆಡಿನ ಬೆನ್ನಿಗೆ ಗುರುತು ಹಾಕುವ ಕೆಂಪಿನಿಂದಲೇ ಆಡಿನ ದೊಡ್ಡಿಯ ಗೋಡೆಗೆ ಏನೋ ಗೀಚಿ, ಅದಕ್ಕೆ ಬೆನ್ನು ಹಚ್ಚಿ ಕುಳಿತಿದ್ದಳು. ಅವಳ ಬಾಣಕ್ಕೆ ನಾಲ್ಕು ಕಾಲು ಮೂಡಿ ಅದೂ ಆಡಿನಂತೆಯೇ ಕಾಣುತ್ತಿತ್ತು.

ಕಲ್ಮೇಶನಿಗೆ ಈಗ ಎಲ್ಲ ಸ್ಪಷ್ಟವಾಯಿತು. ಕಲ್ಲಿನ ಮೇಲಿದ್ದದ್ದು ತನ್ನದು, ಗೋಡೆಯ ಮೇಲಿದ್ದದ್ದು ಇವರದು. ಮೇಡಂ ತಂಡ ಬಂದು ಈ ಬಾಣ ಹಿಡಿದು ನಡೆದರೆ ಗುಡ್ಡದ ಬದಲು ಚನ್ನಬಸಯ್ಯನ ಬಚ್ಚಲಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಗೆ ನೌಕರಿ ಮುಗಿಯಿತು. ಅವನು ಬೈಕಿನಿಂದ ಪೆಟ್ರೋಲ್ ಇಳಿಸಿದ, ಗೋಣಿಚೀಲದ ತುಂಡು ತಂದ.

"ಗ್ವಾಡಿ ಮ್ಯಾಲಿಂದು ಒಂದೂ ಉಳಸಂಗಿಲ್ಲ," ಎಂದು ಸಾರಿದ.

ಕೆಳಗಿನ ಓಣಿಯವರು ಅಡ್ಡ ಬಂದರು. "ನಮ್ಮವು ಹೆಂಗ ಅಳಸ್ತಿ? ನಾವು ಹಾಕಿಲ್ಲ!"

"ಯಾರು ಹಾಕ್ಯಾರ?"

"ನೀನ!"

"ಹೌದು, ನಾನ ಹಾಕೀನಿ ಅನ್ನೂಣು. ನಾ ಹಾಕಿದ್ದು ನಾ ಅಳಸ್ಬೇಕೋ ಬ್ಯಾಡೋ? ಇಲ್ಲ, ನೀವ ಹಾಕೀರಿ ಅನ್ನೂಣು. ಅದು ಸುಳ್ಳ ಗುರುತು. ಇವತ್ತ ಸಾಹೇಬರು ಬಂದು ಕೇಸ್ ಹಾಕಿದ್ರ ಯಾಂವ ಒಳಗ ಹೋಗಾಂವ?"

ಅವನ ತಲೆಯಿಂದ ಜೀವನದಲ್ಲಿ ಹೊರಬಂದ ಮೊದಲ ಗಟ್ಟಿ ತರ್ಕ ಅದು. ಎರಡೂ ಕಡೆಯಿಂದ ಹಿಡಿದರೂ ಅಳಿಸುವಲ್ಲಿಗೇ ಬರುತ್ತಿತ್ತು. ಜನ ತಲೆ ಕೆರೆದುಕೊಂಡರು. ಕೇಸ್ ಎಂದ ಕೂಡಲೇ ಚನ್ನಬಸಯ್ಯ ತನ್ನ ಕೆಂಪು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಪಕ್ಷ ಬದಲಿಸಿದ.

"ಅಳಸ್ಲಿ ಬಿಡ್ರೋ. ಖರೇ ಗುರುತು ಹಾಕೋರು ಬಂದಾಗ ಹಾಕ್ತಾರ. ಸುಳ್ಳ ಗುರುತಿಂದ ಖರೇ ಮುಳುಗಡಿ ಹೋಗಬಾರದು."

ಮೊದಲು ಕಲ್ಮೇಶ ತನ್ನ ಮನೆಯ ಬಾಣವನ್ನೇ ಅಳಿಸಿದ, ಎಲ್ಲರೂ ನೋಡುವಂತೆ, ಸುಣ್ಣ ಕಿತ್ತು ಮಣ್ಣು ಕಾಣುವವರೆಗೆ. "ನೋಡ್ರಿ. ಸ್ವಂತ ಮನೀದ ಬಿಟ್ಟಿಲ್ಲ," ಎಂದ. ಆಮೇಲೆ ಕೆಳಗಿನ ಓಣಿಯನ್ನು ಒಂದು ತುದಿಯಿಂದ ಹಿಡಿದ. ಆ ಬಾಣಗಳು ಬಹಳ ಗಟ್ಟಿ ಇದ್ದವು. ಒಳ್ಳೆಯ ಬಣ್ಣ ತಂದಿದ್ದಾರೆ ಬಡ್ಡಿಮಕ್ಕಳು ಎಂದುಕೊಳ್ಳುತ್ತ ಉಜ್ಜಿದ. ಮೇಲಿನ ಓಣಿಯವು ಒರೆಸಿದ ಕೂಡಲೇ ಹೋದವು. ಬಿಸಿಲಿಗೂ ಪೆಟ್ರೋಲ್ ವಾಸನೆಗೂ ತಲೆ ತಿರುಗುತ್ತಿತ್ತು.

ಗುಂಡವ್ವ ಮಾತ್ರ ಏಳಲಿಲ್ಲ.

"ಆಯಿ, ಸರೀ."

"ಸರಿಯಂಗಿಲ್ಲ."

"ಅದು ಸುಳ್ಳ ಗುರುತು ಆಯಿ."

"ಇರಲಿ. ಹಿಂದಿನ ಸಲ ನನ್ನ ಬಿಟ್ಟು ಎಲ್ಲಾರೂ ಮುಳುಗಿದ್ರು. ನಾ ಎರಡು ವರ್ಷ ಒಬ್ಬಾಕೀನ ದಂಡಿ ಮ್ಯಾಲ ಕುಂತಿದ್ನಿ. ಈ ಸಲ ಮೊದಲ ನಾ ಮುಳುಗ್ತೇನಿ."

ಎಳೆಯಲು ಹೋದರೆ ಮುದುಕಿ ಬಾಯಿ ತೆರೆದು ಅಳಲು ಸಿದ್ಧಳಾದಳು. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ದೊಡ್ಡಿ ದಾರಿಗೆ ಕಾಣುವುದಿಲ್ಲ ಎಂದು ಕಲ್ಮೇಶ ಅವಳನ್ನು ಅಲ್ಲೇ ಬಿಟ್ಟು ಓಡಿದ.

ಜೀಪಿನಿಂದ ಮೂವರು ಇಳಿದರು. ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು, ಬೆನ್ನಿಗೆ ಚೀಲ. ಒಬ್ಬನ ಹೆಗಲ ಮೇಲೆ ಉದ್ದನೆಯ ಕೋಲುಗಳ ಕಟ್ಟು. ಗುಡ್ಡ ಹತ್ತುವವರು ಕೋಲು ಹಿಡಿಯುತ್ತಾರೆ ಎಂದು ಮೇಡಂ ಹೇಳಿದ್ದರು. ಕಲ್ಮೇಶನ ಎದೆ ತುಂಬಿ ಬಂತು.

"ಬರ್ರಿ ಸರ, ಬರ್ರಿ. ಮೇಡಂ ಬರಲಿಲ್ಲೇನ್ರಿ?"

"ಮೇಡಂ ಆಫೀಸಿನ್ಯಾಗ ಅದಾರ. ನಮ್ಮನ್ನ ಕಳಿಸ್ಯಾರ," ಎಂದ ಹಿರಿಯವನು. ಅವನ ಹೆಸರು ಅಮೀನುದ್ದೀನ. "ಕೆಂಪು ಗುರುತು ಎಲ್ಲೆಲ್ಲಿ ಅದಾವು? ಲಗೂನ ತೋರಸ್ರಿ. ಇನ್ನೂ ಎರಡು ಊರು ಅದಾವು ನಮಗ."

"ನಾನ ಹಾಕೀನ್ರಿ ಸರ."

"ನೀವ? ಛಲೋ ಆತು. ಹಂಗಾರ ಹುಡುಕೂದು ತಪ್ಪಿತು."

ಚನ್ನಬಸಯ್ಯ ಅಷ್ಟರಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ಹಿಂದಿನ ಮುಳುಗಡೆಯಲ್ಲಿ ಕಂಡಂಥದ್ದೇ ಕೋಲುಗಳ ಕಟ್ಟನ್ನು ನೋಡಿದವನೇ ಬಿಳಿಚಿಕೊಂಡ. "ಸಾಹೇಬ್ರ, ಒಂದು ಮಾತು..." ಎಂದು ಮುಂದೆ ಬಂದ.

"ಅಯ್ಯಾರ, ಊರಿಗೆ ಬಂದ ಪಾವಣೇರಿಗೆ ತ್ರಾಸ ಕೊಡಬ್ಯಾಡ್ರಿ," ಎಂದು ಕಲ್ಮೇಶ ಅವನನ್ನು ಮೊಣಕೈಯಿಂದ ಹಿಂದೆ ತಳ್ಳಿದ.

"ಕಲ್ಮ್ಯಾ, ಇವರು..."

"ಗೊತ್ತೈತ್ರಿ ಇವರು ಯಾರಂತ!"

ಊರ ಒಳಗೆ ಹಾಯುವಾಗ ಅಮೀನುದ್ದೀನ ಗೋಡೆಗಳನ್ನು ನೋಡಿದ. "ಮನಿಗೋಳ ಮ್ಯಾಲ ಒಂದೂ ಇಲ್ಲೇನು?"

"ಇದ್ವುರಿ. ಎಲ್ಲಾ ಅಳಿಸೀನಿ," ಎಂದ ಕಲ್ಮೇಶ ಹೆಮ್ಮೆಯಿಂದ. "ಸುಳ್ಳ ಗುರುತುರಿ ಅವು. ನಮ್ಮ ಮಂದಿ ಪರಿಹಾರದ ಆಶಾಕ್ಕ ಹಾಕ್ಕೊಂಡಿದ್ರು."

"ಹಿಂಗೇನು!" ಅಮೀನುದ್ದೀನ ತಲೆ ಅಲ್ಲಾಡಿಸಿದ. "ಎಲ್ಲಾ ಊರಾಗೂ ಇದ ಆಗೈತಿ. ನಿಮ್ಮಂಥವರು ಒಬ್ಬೊಬ್ಬರು ಇದ್ರ ನಮಗ ಅರ್ಧ ಕೆಲಸ ಕಮ್ಮಿ."

ಕಲ್ಮೇಶ ಅರಳಿದ. ಗೋಡೆಗಳ ಬದಿಯಲ್ಲಿ ನಿಂತ ಜನ ಕೈ ಬೀಸಿ, ತುಟಿಯ ಮೇಲೆ ಬೆರಳಿಟ್ಟು ಏನೇನೋ ಸನ್ನೆ ಮಾಡುತ್ತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡು ಅವನು ಆ ಕಡೆ ನೋಡಲಿಲ್ಲ. ಮೂವರಲ್ಲಿ ಹಿಂದೆ ಉಳಿದಿದ್ದ ಒಬ್ಬನನ್ನು ಮಾತ್ರ ಗುಂಡವ್ವ ದೊಡ್ಡಿಯ ಹತ್ತಿರ ಕರೆದು ಏನೋ ತೋರಿಸಿದಳು. ಅವನು ಅಲ್ಲೊಂದು ಫೋಟೋ ಹೊಡೆದುಕೊಂಡು ಬಂದ.

ನದಿದಂಡೆಯಲ್ಲಿ ಬಾಡಿದ ತೋಟ ಕಂಡಾಗ ಅಮೀನುದ್ದೀನ ನಿಂತ. "ಇವೇನು ಗಿಡ?"

"ಗಿಡ ಅಲ್ರಿ, ಟೊಂಗಿ. ಇವತ್ತ ಮುಂಜಾನಿ ಚುಚ್ಚ್ಯಾರ." ಕಲ್ಮೇಶ ಒಂದನ್ನು ಕಿತ್ತು ತೋರಿಸಿದ. "ಆ ತಗಡಿನ ಮನೀನೂ ಇವತ್ತಿಂದ."

ತಗಡಿನೊಳಗೆ ಕುಳಿತಿದ್ದ ಗುಡುಸಾಬ ಕಣ್ಣು ಮುಚ್ಚಿಕೊಂಡ.

ಮೂವರೂ ಒಂದೊಂದು ಬಾಣದ ಮುಂದೆ ನಿಂತು, ಮೊಬೈಲ್ ಎತ್ತಿ, ಫೋಟೋ ತೆಗೆದು, ಏನೋ ಒತ್ತಿ, ಮುಂದೆ ನಡೆದರು. ನದಿಯ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಮೇಶ ರೂಢಿ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದ: ಇದು ಕವಳಿ ಹಣ್ಣಿನ ಗಿಡ, ಇದು ಉಡದ ಬಿಲ, ಇಲ್ಲಿಂದ ಹಿನ್ನೀರು ಹೀಗೆ ಕಾಣುತ್ತದೆ. "ಗುರುತು ಮುಂದ ಐತೇನ್ರಿ?" ಎಂಬುದೊಂದೇ ಅವರ ಪ್ರಶ್ನೆ. ಜಾಲಿ ಮುಳ್ಳಿಗೆ ಒಬ್ಬನ ಅಂಗಿ ಹರಿಯಿತು. ಇನ್ನೊಬ್ಬ ಬಂಡೆಯ ಮೇಲೆ ಕುಳಿತು, "ಸರ, ಇಷ್ಟು ಮ್ಯಾಲೆ ಹೆಂಗ್ರಿ?" ಎಂದು ಏದುಸಿರಿನಲ್ಲಿ ಕೇಳಿದ.

"ನಮಗ್ಯಾಕೋ?" ಎಂದ ಅಮೀನುದ್ದೀನ. "ಗುರುತು ಇದ್ದಲ್ಲಿ 'ಮುಳುಗಿತು' ಒತ್ತು. ಇಲ್ಲದಲ್ಲಿ ಬಿಡು."

ಕಲ್ಮೇಶ ಮುಂದೆ ಹೋಗಿದ್ದ. ಆ ಮಾತು ಅವನಿಗೆ ಕೇಳಲಿಲ್ಲ.

ಹುಣಸಿದಿನ್ನಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಹುಡೆಯ ಮೇಲೆ ಮಾತ್ರ. ಕಲ್ಮೇಶ ಕೊನೆಯ ಬಾಣ ತೋರಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವನ ಜೇಬು ನಡುಗಿತು.

"ಕಲ್ಮೇಶ್, ಎಲ್ಲಿದ್ದೀರಿ? ಬೆಳಿಗ್ಗೆಯಿಂದ ಟ್ರೈ ಮಾಡ್ತಾ ಇದ್ದೀನಿ." ಮೇಡಂ ದನಿ. "ಇವತ್ತು ನಾವು ಬರ್ತಿಲ್ಲ. ಆ ಚಾರಣ ಪಥ ರದ್ದಾಗಿದೆ. ನಿಮ್ಮ ಊರು ಮುಳುಗಡೆಗೆ ಸೇರಿದೆ. ನಿನ್ನೆಯೇ ಸರ್ವೆಯವರು ಮನೆಗಳಿಗೆ ಗುರುತು ಹಾಕಿ ಹೋಗಿದ್ದಾರಂತಲ್ಲ, ನಿಮಗೆ ಗೊತ್ತಿಲ್ವಾ?"

"ನಿನ್ನೆರಿ?"

"ಹೌದು. ಊರಲ್ಲಿ ಯಾರೂ ಇರಲಿಲ್ವಂತೆ. ಬೇಜಾರು ಮಾಡ್ಕೋಬೇಡಿ. ಮುಂದೆ ಬೇರೆ ಕಡೆ ಏನಾದ್ರೂ ಇದ್ರೆ ನೋಡೋಣ."

ಕಲ್ಮೇಶ ಮೊಬೈಲ್ ಕಿವಿಯಿಂದ ತೆಗೆಯದೆ ಮೂವರ ಕಡೆ ತಿರುಗಿದ. ಕೋಲುಗಳ ಕಟ್ಟು ಬಿಚ್ಚಿತ್ತು. ಅದು ಮೂರು ಕಾಲು ಚಾಚಿ, ತಲೆಯ ಮೇಲೆ ಒಂದು ಯಂತ್ರ ಹೊತ್ತು ನಿಂತಿತ್ತು.

"ಸರ, ನೀವು ಯಾರ್ರಿ?"

"ಯಾರಂದ್ರ? ಮುಳುಗಡಿ ಆಫೀಸಿನ ಮೇಡಂ ಕಳಿಸಿದ ಫೋಟೋದವರು. ಸರ್ವೇದವರು ಗುರುತು ಹಾಕ್ತಾರ, ನಾವು ಫೋಟೋ ಹೊಡದು ಏರಸ್ತೇವಿ." ಅಮೀನುದ್ದೀನ ಮೊಬೈಲಿನ ನಕಾಶೆ ತೋರಿಸಿದ. "ನೋಡ್ರಿ, ಮುಗೀತು."

ನಕಾಶೆಯಲ್ಲಿ ನೀಲಿ ಬಣ್ಣ ನದಿದಂಡೆಯಿಂದ ಎದ್ದು, ಜಾಲಿ ಕಾಡಿನಲ್ಲಿ ಹಾದು, ಗುಡ್ಡ ಹತ್ತಿ, ಹುಡೆಯ ನೆತ್ತಿಯನ್ನು ಮುಳುಗಿಸಿ ನಿಂತಿತ್ತು. ಗುಡ್ಡದ ಬುಡದಲ್ಲಿದ್ದ ಊರು ಒಂದು ಹನಿಯೂ ತಾಗದೆ ಬೆಳ್ಳಗೆ ಉಳಿದಿತ್ತು. ಅದರ ಮೂಲೆಯಲ್ಲಿ ಒಂದೇ ಒಂದು ನೀಲಿ ಚುಕ್ಕೆ. ಅದು ಗುಂಡವ್ವನ ಆಡಿನ ದೊಡ್ಡಿ.

"ಸರ, ಗುಡ್ಡ ಮುಳುಗಿ ಊರು ಹೆಂಗ ಉಳಿತೈತ್ರಿ?"

"ನಾವು ನೀರಿನವರಲ್ರಿ, ಫೋಟೋದವರು."

"ಗ್ವಾಡಿ ಮ್ಯಾಲಿನವು ಖರೇ ಗುರುತು ಇದ್ವುರಿ! ಕಲ್ಲಿನ ಮ್ಯಾಲಿನವು ಸುಳ್ಳು! ಅಳಸ್ರಿ ಸರ ಇದನ್ನ!"

"ಒಮ್ಮೆ ಏರಿಸಿದ್ರ ಅಳಸಾಕ ನಮಗ ಬರಂಗಿಲ್ಲ. ಅಳಸೂದೆಲ್ಲಾ ನೀವ ಮಾಡೀರಲ್ಲ," ಎಂದ ಅಮೀನುದ್ದೀನ. ಹಂಗಿಸಿ ಹೇಳಿದ್ದಲ್ಲ, ದಣಿದಿದ್ದ. "ಅರ್ಜಿ ಕೊಡ್ರಿ. ನಮ್ಮೂರಿನವರು ಕೊಟ್ಟು ಆರು ವರ್ಷ ಆತು."

"ಮತ್ತ ನೀರು ಬರ್ತೈತೇನ್ರಿ ಊರಿಗೆ?"

"ನೀರಿಗೆ ನಮ್ಮ ನಕಾಶಿ ಓದಾಕ ಬರಂಗಿಲ್ಲಲ್ರಿ. ಅದು ಬರೂದು ಬಂದ ಬರ್ತೈತಿ."

ಅವರು ಇಳಿದು ಹೋದರು. ಕಲ್ಮೇಶ ಹುಡೆಯ ಕಲ್ಲಿನ ಮೇಲೆ ಕುಳಿತ. ಸರಕಾರದ ಲೆಕ್ಕದಲ್ಲಿ ಅವನೀಗ ನೀರೊಳಗಿದ್ದ. ಕೆಳಗೆ ಕೃಷ್ಣೆ ಅಲುಗಾಡದೆ ಬಿದ್ದಿತ್ತು. ಮತ್ತೆ ಮೊಬೈಲ್ ನಡುಗಿತು. ತಾಂಬಾದಿಂದ, ಜಯಮಾಲಾಳ ಅಪ್ಪ.

"ಆರ್ಡರ್ ಬಂತೇನಪಾ?"

ಕಲ್ಮೇಶನಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಇಲ್ರಿ ಮಾವಾರ. ದಾರಿ ರದ್ದಾತು. ಮುಳುಗಡ್ಯಾಗ ಬಂದೈತಿ."

ಆ ಕಡೆ ದನಿ ಒಮ್ಮೆಲೆ ಹಗುರಾಯಿತು. "ಮುಳುಗಡಿ ಐತೇನು? ಮತ್ತ ಮೊದಲ ಹೇಳಬಾರದೇನು! ಮನಿ ಹೋಗ್ತೈತೇನು?"

"ಮನಿ ಉಳದೈತ್ರಿ. ಗುಡ್ಡ ಹೋಗೈತಿ."

"ನೋಡು ತಮ್ಮಾ, ನಾ ಹೆಣ್ಣಿನ ಅಪ್ಪ ಅದೇನಿ. ನೌಕರೀನೂ ಇಲ್ಲ, ಮುಳುಗಡೀನೂ ಇಲ್ಲ. ಏನ್ ನೋಡಿ ಕೊಡ್ಲಿ?"

ಫೋನು ಕಟ್ಟಾಯಿತು.

ಸಂಜೆ ಕೆಳಗೆ ಇಳಿದಾಗ ಹೊಡೆಯುತ್ತಾರೆ ಎಂದುಕೊಂಡಿದ್ದ. ಯಾರೂ ಹೊಡೆಯಲಿಲ್ಲ. ಸುದ್ದಿ ಜೀಪಿನವರಿಂದಲೇ ಊರಿಗೆ ತಿಳಿದಿತ್ತು. ಹೆಂಗಸರು ನದಿದಂಡೆಯ ಟೊಂಗೆಗಳನ್ನು ಕಿತ್ತು ಒಲೆಗೆಂದು ಹೊರೆ ಕಟ್ಟುತ್ತಿದ್ದರು. ಗುಡುಸಾಬ ತಗಡು ಹೊತ್ತುಕೊಂಡು ಎದುರಿಗೆ ಬಂದ, ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಬೈದಿದ್ದರೆ ಚೆನ್ನಾಗಿತ್ತು. ಚನ್ನಬಸಯ್ಯ ಕಟ್ಟೆಯ ಮೇಲೆ ಕುಳಿತು ನೀರಿನ ಕಡೆ ನೋಡುತ್ತಿದ್ದ.

"ಅಯ್ಯಾರ, ಅರ್ಜಿ ಕೊಡೂಣ್ರಿ," ಎಂದ ಕಲ್ಮೇಶ.

"ಏನಂತ ಬರಿಯೂಣು? ನಮ್ಮ ಗುರುತು ನಾವ ಪೆಟ್ರೋಲ್ ಹಾಕಿ ಅಳಿಸ್ಕೊಂಡೀವಿ ಅಂತನೋ?" ಚನ್ನಬಸಯ್ಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟ. "ಅಳಸ್ಲಿ ಬಿಡ್ರೋ ಅಂದಾಂವ ನಾನ. ನಿನ್ನ ಬಯ್ಯಾಕೂ ಬಾಯಿಲ್ಲ ನನಗ."

ದೊಡ್ಡಿಯ ಮುಂದೆ ಗುಂಡವ್ವ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ನಾ ಮುಳುಗಿದ್ನಂತ, ಖರೇ ಏನೋ?"

"ಖರೇ ಆಯಿ."

"ಮತ್ತ ನೀವೆಲ್ಲಾ?"

"ನೀ ಒಬ್ಬಾಕೀನ."

ಮುದುಕಿಯ ಮುಖದ ಮೇಲೆ ಮೂಡಿದ್ದ ನಗು ನಿಧಾನಕ್ಕೆ ಆರಿತು. ಅವಳು ಆಡುಗಳನ್ನು ನೋಡಿದಳು, ಓಣಿಯನ್ನು ನೋಡಿದಳು. "ಒಬ್ಬಾಕೀನ ಎಲ್ಲಿಗೆ ಹೋಗ್ಲೋ ನಾ?" ಎಂದಳು. ಕಲ್ಮೇಶ ಅಂಗಿ ಬಿಡಿಸಿಕೊಂಡು ಮನೆಗೆ ನಡೆದ.

ಆ ಒಂದು ದಿನ ಹುಣಸಿದಿನ್ನಿಯಲ್ಲಿ ಹೋದದ್ದು ಇಷ್ಟು: ಒಂದು ನೌಕರಿ, ಒಂದು ಹೆಣ್ಣಿನ ಸಂಬಂಧ, ಕೆಳಗಿನ ಓಣಿಯ ಹತ್ತೊಂಬತ್ತು ಮನೆಯ ಪರಿಹಾರ, ಒಂದು ಗುಡ್ಡ.